ಶಿಕ್ಷಣಸುಧಾರಣೆಯಲ್ಲಿ ಸಂಘದ ನೇತೃತ್ವ: ಅಮೆರಿಕದ ಇಂಜನಿಯರಿಂಗ್ ಉಪಾಧ್ಯಾಯರ ಒಂದು ಪ್ರಯತ್ನ

ಯಾವ ಕಾಲೇಜಿನ ಮೇಲೂ ಅಧಿಕಾರವಿಲ್ಲದ ಒಂದು ಸಂಘವು ಕಾಲೇಜುಗಳ ಪಾಠಕ್ರಮವನ್ನು ತಿದ್ದುವುದು ಹೇಗೆ? ಅಮೆರಿಕದ ಇಂಜನಿಯರಿಂಗ್ ಶಿಕ್ಷಣದ ಚರಿತ್ರೆಯಲ್ಲಿ ನಮಗೆ ಮೊದಲು ಎದುರಾಗುವ ಪ್ರಶ್ನೆ ಇದು.

1893ರಲ್ಲಿ ಷಿಕಾಗೊ ನಗರದ ವಿಶ್ವಪ್ರದರ್ಶನದ ಅಂಗವಾಗಿ ಇಂಜನಿಯರುಗಳ ಮಹಾಸಭೆಯೊಂದು ಸೇರಿತು. (ವಿವೇಕಾನಂದರಿಂದಾಗಿ ನಮಗೆಲ್ಲ ಪರಿಚಿತವಾದ ಸರ್ವಧರ್ಮಸಮ್ಮೇಳನವೂ ಅದೇ ಪ್ರದರ್ಶನಕ್ಕೆ ಸೇರಿದುದು.) ಅಲ್ಲಿ ನೆರೆದ ಉಪಾಧ್ಯಾಯರು ಇಂಜನಿಯರಿಂಗ್ ಶಿಕ್ಷಣಾಭಿವೃದ್ಧಿಗಾಗಿ ಸಂಘವೊಂದನ್ನು ಕಟ್ಟಿದರು. ಡಿ ವೋಲ್ಸನ್ ವುಡ್ ಅದರ ಪ್ರಥಮಾಧ್ಯಕ್ಷರು. ಸಂಘದ ಈಗಿನ ಹೆಸರು 1946ರಲ್ಲಿ ಬಂದುದು.

ಸಂಘದ ಕೈಯಲ್ಲಿದ್ದ ಸಾಧನ ಒಂದೇ: ವಿಚಾರಣೆ. 1918ರಲ್ಲಿ ಪ್ರಕಟವಾದ ಮ್ಯಾನ್ ವರದಿಯ ಹಿಂದೆಯೂ ಸಂಘದ ಪ್ರೇರಣೆಯಿತ್ತು. ಆದರೆ ಅದನ್ನು ಬರೆದವರು ಭೌತವಿಜ್ಞಾನಿ; ಕಾಲೇಜುಗಳಿಗೆ ಅದು ಹೊರಗಿನವರ ತೀರ್ಪಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. 1923ರಲ್ಲಿ ವಿಲಿಯಂ ವಿಕೆಂಡನ್ ಅವರ ನಿರ್ದೇಶನದಲ್ಲಿ ಆರಂಭವಾದ ಪರಿಶೀಲನೆಯು ಬೇರೆ ದಾರಿ ಹಿಡಿಯಿತು. ಆಯಾ ಕಾಲೇಜಿನ ಅಧ್ಯಾಪಕರೇ ಸಮಿತಿಗಳನ್ನು ರಚಿಸಿಕೊಂಡು ತಮ್ಮ ಶಾಲೆಯ ಸ್ಥಿತಿಯನ್ನು ತಾವೇ ಪರೀಕ್ಷಿಸಿದರು. ಯೂರೋಪಿನ ಪದ್ಧತಿಗಳನ್ನೂ ವಿಕೆಂಡನ್ ಹೋಲಿಸಿ ನೋಡಿದರು. ತಾನೇ ಕಂಡ ಕೊರತೆಯನ್ನು ಅಲ್ಲಗಳೆಯುವುದು ಯಾರಿಗೂ ಸುಲಭವಲ್ಲ. ಈ ಪರಿಶೀಲನೆಯ ಬಲವೆಲ್ಲ ಇಲ್ಲಿದೆಯೆಂದು ನಮ್ಮ ಅಭಿಪ್ರಾಯ. ನಾಲ್ಕು ವರ್ಷದ ವ್ಯಾಸಂಗವನ್ನು ಉಳಿಸಿ, ಅಕಾಲದಲ್ಲಿ ವಿಶೇಷವಿಷಯಗಳಿಗೆ ಹಂಚಿಹೋಗದೆ ಬುನಾದಿಯನ್ನು ವಿಶಾಲಗೊಳಿಸಬೇಕೆಂಬುದು ಅದರ ಮುಖ್ಯ ಆಶಯ.

ಇದಕ್ಕಿಂತ ಕಠಿನವಾದ ಪರೀಕ್ಷೆ ಮುಂದೆ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ಮೊದಲಾದ ಹೊಸ ಕಾರ್ಯಗಳು ಬಹುಮಟ್ಟಿಗೆ ಭೌತವಿಜ್ಞಾನಿಗಳ ಪಾಲಾದುವು. ಇಂಜನಿಯರುಗಳ ಗಣಿತ ವಿಜ್ಞಾನಗಳ ತಳಹದಿ ಸಾಲದೆಂಬುದು ಬಯಲಾಯಿತು. 1952ರಲ್ಲಿ ಸಂಘವು ಗ್ರಿಂಟರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಮರುವರ್ಷದ ಕರಡು ವರದಿ ದಿಟ್ಟವಾದುದು: ಸಾಮಾನ್ಯ ವೃತ್ತಿಗೆ ಒಂದು ಪಾಠಕ್ರಮ, ವೈಜ್ಞಾನಿಕ ಸಂಶೋಧನೆಗೆ ಇನ್ನೊಂದು. ಅಭಿಪ್ರಾಯಕ್ಕಾಗಿ ಅದನ್ನು ಕಾಲೇಜುಗಳಿಗೆ ಕಳುಹಿಸಿದಾಗ ವಿರೋಧವೇ ಪ್ರಬಲವಾಯಿತು. ಎರಡು ಪಂಕ್ತಿಗಳಾದರೆ ಕೆಳಗಿನ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಯಾವ ಕಾಲೇಜು ತಾನೆ ಒಪ್ಪೀತು?

1955ರ ಅಂತಿಮ ವರದಿಯಲ್ಲಿ ಆ ಸೂಚನೆ ಇಲ್ಲ. ಮೂಲವಿಜ್ಞಾನ ಗಣಿತಗಳಿಗೆ ಸುಮಾರು ನಾಲ್ಕರಲ್ಲೊಂದು ಪಾಲು, ಇಂಜನಿಯರಿಂಗ್ ವಿಜ್ಞಾನಗಳಿಗೆ ಅಷ್ಟೇ, ಮಾನವಿಕ ಹಾಗೂ ಸಾಮಾಜಿಕ ವಿಷಯಗಳಿಗೆ ಐದರಲ್ಲೊಂದು ಎಂಬ ಹಂಚಿಕೆ ಮಾತ್ರ ಉಳಿಯಿತು. ಇದನ್ನು ಸೋಲೆಂದು ಕರೆಯಲು ನಾವು ಸಿದ್ಧರಿಲ್ಲ. ಆದರೆ ತ್ಯಾಗದ ಬೆಲೆ ಸಣ್ಣದಲ್ಲ. ಎಲ್ಲರಿಗೂ ಒಂದೇ ಕ್ರಮವೆಂದಾದ ಮೇಲೆ ವಿಜ್ಞಾನದ ಭಾಗ ಬೆಳೆದು ಕಾರ್ಯಾಗಾರ, ನಕ್ಷೆ ಬರೆಯುವಿಕೆಗಳು ಮೂಲೆಗೆ ಸರಿದುವು. ಪದವೀಧರರಿಗೆ ವಿನ್ಯಾಸಕಾರ್ಯ ತಿಳಿಯದೆಂಬ ದೂರು ಮುಂದಿನ ದಶಕಗಳಲ್ಲಿ ಉದ್ಯಮಗಳಿಂದ ಮತ್ತೆ ಮತ್ತೆ ಕೇಳಿಬಂದಿತು.