ಸುಗಂಧದ ಸಾಬೂನು, ಮಸಾಜ್ ಗಟ್ಟಿ: ವುಝೂ ಆದೀತೇ, ಇಹ್ರಾಮ್‌ನಲ್ಲಿ ನಡೆದೀತೇ?

ಕಳೆದ ತಿಂಗಳ ಒಂದು ಜುಮಾದಲ್ಲಿ ನಾವು ಶುಚಿತ್ವದ ಕುರಿತು ಖುತ್ಬಾ ನೀಡಿದ್ದೆವು. ಸಲ್ಮಾನುಲ್ ಫಾರಿಸಿ(ರ)ರವರು ವರದಿ ಮಾಡಿದ, ಇಮಾಮ್ ಬುಖಾರಿಯವರು ದಾಖಲಿಸಿದ ಹದೀಸ್ ಅದಕ್ಕೆ ಆಧಾರವಾಗಿತ್ತು. ಅದರ ಸಾರ ಇಷ್ಟು: ಜುಮಾ ದಿನ ಸ್ನಾನ ಮಾಡಿ, ಸಾಧ್ಯವಾದಷ್ಟು ಶುಚಿಯಾಗಿ, ಎಣ್ಣೆ ಹಚ್ಚಿ ಅಥವಾ ಮನೆಯಲ್ಲಿರುವ ಸುಗಂಧ ಪೂಸಿಕೊಂಡು ಮಸೀದಿಗೆ ಹೋಗಿ, ಜೊತೆಗೆ ಕುಳಿತ ಇಬ್ಬರ ನಡುವೆ ನುಗ್ಗದೆ, ವಿಧಿಸಲ್ಪಟ್ಟಷ್ಟು ನಮಾಝ್ ಮಾಡಿ, ಇಮಾಮರು ಮಾತನಾಡುವಾಗ ಮೌನವಾಗಿರುವವನಿಗೆ ಆ ಜುಮಾ ಮತ್ತು ಹಿಂದಿನ ಜುಮಾದ ನಡುವಿನ ಪಾಪಗಳು ಕ್ಷಮಿಸಲ್ಪಡುತ್ತವೆ. ಸ್ನಾನ, ಎಣ್ಣೆ, ಸುಗಂಧ ಮೂರೂ ಒಂದೇ ಹದೀಸಿನಲ್ಲಿ ಬಂದಿವೆ. ಪಕ್ಕದವನಿಗೆ ತೊಂದರೆ ಕೊಡದಿರುವುದೂ ಅದರಲ್ಲೇ ಇದೆ.

ಖುತ್ಬಾದ ನಂತರ ಹಲವು ಪ್ರಶ್ನೆಗಳು ಬಂದವು. ನಮ್ಮ ಮಹಲ್ಲಾದ ಕೆಲವು ಸಹೋದರಿಯರು ಮನೆಯಲ್ಲೇ ಸುಗಂಧದ ಸಾಬೂನು ತಯಾರಿಸಲು ಶುರುಮಾಡಿದ್ದಾರೆ. ಎಣ್ಣೆ, ಬೆಣ್ಣೆ, ಮೇಣ ಸೇರಿಸಿ ಗಟ್ಟಿ ಮಾಡಿದ ಮಸಾಜ್ ಬಾರ್‌ಗಳೂ ಬಂದಿವೆ. ಅದನ್ನು ಹಚ್ಚಿಕೊಂಡರೆ ವುಝೂ ಆಗುತ್ತದೆಯೇ, ಸಾಬೂನಿನಲ್ಲಿ ಹರಾಮ್ ಕೊಬ್ಬು ಇದ್ದರೆ ಗೊತ್ತಾಗುವುದು ಹೇಗೆ, ಹಜ್ಜ್‌ಗೆ ಒಯ್ಯಬಹುದೇ ಎಂದು ಕೇಳಿದರು. ಉತ್ತರ ಕೊಡುವ ಮೊದಲು ನಾಲ್ಕು ಬಗೆಯ ಸಾಬೂನು ಮತ್ತು ಎರಡು ಮಸಾಜ್ ಗಟ್ಟಿಗಳನ್ನು ನಮ್ಮ ಮನೆಯಲ್ಲಿ ಮೂರು ವಾರ ಬಳಸಿ ನೋಡಿದೆವು.

ಸಾಬೂನು ಎಂದರೇನು?

'ಸಾಬೂನು' ಎಂಬ ಮಾತೇ ಅರಬಿಯ 'ಸಾಬೂನ್' ಪದಕ್ಕೆ ಸೇರಿದ್ದು. ಆಲಿವ್ ಎಣ್ಣೆಯಿಂದ ಸಾಬೂನು ಮಾಡುವ ಕಲೆ ಶತಮಾನಗಳಿಂದ ಮುಸ್ಲಿಮ್ ನಾಡುಗಳಲ್ಲಿ ಉಳಿದು ಬಂದಿದೆ. ಫೆಲೆಸ್ತೀನಿನ ನಾಬ್ಲುಸ್ ನಗರದ ಸಾಬೂನು ಮತ್ತು ಸಿರಿಯಾದ ಅಲೆಪ್ಪೊ ನಗರದ ಗಾರ್ ಸಾಬೂನು ತಯಾರಿಕೆಯನ್ನು ಯುನೆಸ್ಕೊ 2024ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ನಾಡಿನ ಕಥೆಯೂ ಚಿಕ್ಕದಲ್ಲ. ಮೊದಲ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಶ್ರೀಗಂಧದ ಎಣ್ಣೆ ತೆಗೆಯುವ ಕೆಲಸ ಶುರುವಾಯಿತು. ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿದ್ದು ಅದರಿಂದಲೇ.

ತಯಾರಿಸುವ ಕ್ರಮ ಹೀಗಿದೆ. ಕಾಸ್ಟಿಕ್ ಸೋಡಾವನ್ನು ನೀರಿನಲ್ಲಿ ಕರಗಿಸಿ ಎಣ್ಣೆಗೆ ಬೆರೆಸಿ ಕಲಕುತ್ತಾರೆ. ಎಣ್ಣೆಯೂ ಸೋಡಾವೂ ಒಂದರೊಡನೆ ಒಂದು ಸೇರಿ ಸಾಬೂನು ಮತ್ತು ಗ್ಲಿಸರಿನ್ ಆಗುತ್ತವೆ. ಅಚ್ಚಿಗೆ ಹೊಯ್ದು, ಮರುದಿನ ಕತ್ತರಿಸಿ, ಗಾಳಿಯಾಡುವ ಜಾಗದಲ್ಲಿ 4ರಿಂದ 6 ವಾರ ಒಣಗಿಸುತ್ತಾರೆ. ಕೈಯಲ್ಲಿ ಮಾಡಿದ ಸಾಬೂನಿನಲ್ಲಿ ಗ್ಲಿಸರಿನ್ ಒಳಗೇ ಉಳಿಯುತ್ತದೆ. ಚರ್ಮ ಕಡಿಮೆ ಬಿರಿಯಲು ಅದೂ ಒಂದು ಕಾರಣ. ಆದರೆ ಅದು ನೀರನ್ನು ಎಳೆದುಕೊಳ್ಳುವ ಕಾರಣ, ಒದ್ದೆ ತಟ್ಟೆಯಲ್ಲಿ ಬಿಟ್ಟರೆ ಸಾಬೂನು ಬೇಗ ಲೊಳಲೊಳ ಆಗುತ್ತದೆ. ನಮ್ಮ ಮನೆಯಲ್ಲಿ ತೂತುಗಳಿರುವ ಮರದ ತಟ್ಟೆಯಲ್ಲಿಟ್ಟ ಸಾಬೂನು, ಪ್ಲಾಸ್ಟಿಕ್ ಬಟ್ಟಲಿನಲ್ಲಿಟ್ಟದ್ದಕ್ಕಿಂತ ಬಹಳ ದಿನ ಬಂತು.

ಕೊಬ್ಬು ಯಾವುದು?

ಪೊಟ್ಟಣದ ಮೇಲೆ ಇರುವ ಹೆಸರುಗಳನ್ನು ಓದಲು ಕಲಿಯಿರಿ. ಸೋಡಿಯಮ್ ಪಾಮೇಟ್ ಎಂದರೆ ತಾಳೆ ಎಣ್ಣೆಯದು, ಸೋಡಿಯಮ್ ಕೋಕೋಯೇಟ್ ಎಂದರೆ ತೆಂಗಿನೆಣ್ಣೆಯದು. ಸೋಡಿಯಮ್ ಟ್ಯಾಲೋವೇಟ್ ಎಂದಿದ್ದರೆ ದನ ಅಥವಾ ಕುರಿಯ ಕೊಬ್ಬು. ಸೋಡಿಯಮ್ ಲಾರ್ಡೇಟ್ ಎಂದಿದ್ದರೆ ಹಂದಿಯ ಕೊಬ್ಬು.

ಇಲ್ಲಿ ಮದ್ಹಬ್‌ಗಳ ನಡುವೆ ವ್ಯತ್ಯಾಸವಿದೆ. ಅಶುದ್ಧ ಎಣ್ಣೆ ಸಾಬೂನಾಗಿ ಪೂರ್ಣವಾಗಿ ಬದಲಾದಾಗ ಅದರ ಮೂಲ ಸ್ವರೂಪವೇ ಇಲ್ಲವಾಗುವುದರಿಂದ ಅದು ಶುದ್ಧ ಎಂದು ಹನಫಿ ವಿದ್ವಾಂಸರು ಹೇಳಿದ್ದಾರೆ. ಶಾಫಿಈ ಮದ್ಹಬ್‌ನಲ್ಲಿ ಹಾಗಲ್ಲ. ಅಲ್ಲಿ ಮದ್ಯ ತಾನಾಗಿ ವಿನೆಗರ್ ಆಗುವುದು, ಚರ್ಮ ಹದವಾಗುವುದು ಮುಂತಾದ ಕೆಲವೇ ಸಂದರ್ಭಗಳನ್ನು ಬಿಟ್ಟರೆ, ರೂಪ ಬದಲಾದ ಮಾತ್ರಕ್ಕೆ ಅಶುದ್ಧ ವಸ್ತು ಶುದ್ಧವಾಗುವುದಿಲ್ಲ. ನಮ್ಮ ಕರಾವಳಿಯ ಬಹುಪಾಲು ಕುಟುಂಬಗಳು ಶಾಫಿಈಗಳು, ಒಳನಾಡಿನವರು ಹೆಚ್ಚಾಗಿ ಹನಫಿಗಳು. ತೆಂಗು, ತಾಳೆ, ಆಲಿವ್, ಹರಳೆಣ್ಣೆಯ ಸಾಬೂನು ಎಲ್ಲೆಡೆ ಸಿಗುತ್ತಿರುವಾಗ ಈ ಭಿನ್ನಾಭಿಪ್ರಾಯದೊಳಗೆ ಹೋಗುವ ಅಗತ್ಯವೇ ಇಲ್ಲ. ಸಂಶಯವಿಲ್ಲದ್ದನ್ನು ಆರಿಸಿಕೊಳ್ಳಿ.

ವುಝೂ ಮತ್ತು ಗುಸ್ಲ್

ಎರಡು ವಿಷಯಗಳನ್ನು ನೆನಪಿಡಿ. ಮೊದಲನೆಯದು, ಸಾಬೂನಿನ ನೊರೆ ಕೊಳೆಯನ್ನು ತೆಗೆಯುತ್ತದೆ, ಕಡ್ಡಾಯ ಸ್ನಾನವನ್ನು ಪೂರ್ಣಗೊಳಿಸುವುದು ಶುದ್ಧ ನೀರು. ನೊರೆ ಬೆರೆತು ಬಣ್ಣ, ವಾಸನೆ, ರುಚಿ ಬಹಳ ಬದಲಾದ ನೀರಿನಿಂದ ಶಾಫಿಈ ಮದ್ಹಬ್ ಪ್ರಕಾರ ಗುಸ್ಲ್ ಆಗುವುದಿಲ್ಲ. ಆದ್ದರಿಂದ ನೊರೆಯೆಲ್ಲ ಹೋದ ಮೇಲೆ ನಿಯ್ಯತ್‌ನೊಂದಿಗೆ ಒಮ್ಮೆ ಬರಿಯ ನೀರನ್ನು ಇಡೀ ಮೈಮೇಲೆ ಹರಿಸಿ.

ಎರಡನೆಯದು, ಮಸಾಜ್ ಗಟ್ಟಿ. ಇದರಲ್ಲಿ ಕೋಕೋ ಬೆಣ್ಣೆ ಅಥವಾ ಶಿಯಾ ಬೆಣ್ಣೆ, ಬಾದಾಮಿ ಅಥವಾ ತೆಂಗಿನೆಣ್ಣೆ, ಸುಗಂಧತೈಲ ಇರುತ್ತವೆ. ಹಲವರು ಜೇನುಮೇಣವನ್ನೂ ಹಾಕುತ್ತಾರೆ. ಕೋಕೋ ಬೆಣ್ಣೆ ಸುಮಾರು 34ರಿಂದ 38 ಡಿಗ್ರಿಯಲ್ಲಿ ಕರಗುವುದರಿಂದ ಅಂಗೈಯ ಬಿಸಿಗೇ ಮೆದುವಾಗಿ ಹರಡುತ್ತದೆ. ಜೇನುಮೇಣ ಕರಗಲು 60 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು, ಹಾಗಾಗಿ ಅದು ಮೈಬಿಸಿಗೆ ಕರಗುವುದಿಲ್ಲ. ಬೆಣ್ಣೆ ಎಣ್ಣೆಗಳೊಂದಿಗೆ ಬೆರೆತು ತೆಳುವಾದ ಪದರವಾಗಿ ಮೈಮೇಲೆ ಉಳಿಯುತ್ತದೆ.

ಎಣ್ಣೆಯ ಜಿಡ್ಡು ಮಾತ್ರ ಇದ್ದು, ನೀರು ಚರ್ಮಕ್ಕೆ ತಾಗಿ ಹರಿದರೆ ವುಝೂ ಸರಿಯಾಗುತ್ತದೆ. ನೀರು ಹನಿಹನಿಯಾಗಿ ಜಾರಿತೆಂದು ಗಾಬರಿಪಡಬೇಕಿಲ್ಲ. ಆದರೆ ಮೇಣ, ಹಿಟ್ಟು ಮುಂತಾದ ಗಟ್ಟಿ ಪದರ ಚರ್ಮಕ್ಕೆ ಅಂಟಿ ನೀರು ತಲುಪದಂತೆ ತಡೆದರೆ ವುಝೂ ಆಗುವುದಿಲ್ಲ. ಇದು ಎರಡೂ ಮದ್ಹಬ್‌ಗಳ ಫಿಕ್ಹ್ ಗ್ರಂಥಗಳಲ್ಲಿರುವ ಮಾತು. ಪರೀಕ್ಷೆ ಸುಲಭ. ಹಚ್ಚಿದ ಜಾಗವನ್ನು ಉಗುರಿನಿಂದ ಕೆರೆಯಿರಿ. ಉಗುರಿಗೆ ಬಿಳಿಯ ಮೇಣ ಬಂದರೆ ಉಗುರುಬೆಚ್ಚಗಿನ ನೀರು, ಸಾಬೂನಿನಿಂದ ತೊಳೆದು ಆಮೇಲೆ ವುಝೂ ಮಾಡಿ. ನಾವು ಬಳಸಿದ ಎರಡರಲ್ಲಿ ಮೇಣವಿಲ್ಲದ್ದು ಅರ್ಧ ಗಂಟೆಯಲ್ಲಿ ಮೈಯೊಳಗೆ ಇಂಗಿತು. ಮೇಣ ಹೆಚ್ಚಿದ್ದದ್ದು ಹಿಮ್ಮಡಿಯ ಬಿರುಕುಗಳಲ್ಲಿ ಗಂಟೆಗಟ್ಟಲೆ ನಿಂತಿತು. ಹಿಮ್ಮಡಿ ವುಝೂವಿನಲ್ಲಿ ತೊಳೆಯಲೇಬೇಕಾದ ಭಾಗ. ಅಲ್ಲಿ ಒಣಗಿ ಉಳಿದವರಿಗೆ ಪ್ರವಾದಿ(ಸ)ರವರು ಕಠಿಣ ಎಚ್ಚರಿಕೆ ಕೊಟ್ಟಿದ್ದಾರೆ. ಆದ್ದರಿಂದ ಇಶಾ ನಮಾಝ್ ಮುಗಿಸಿ, ಮಲಗುವ ಮುನ್ನ ಹಚ್ಚಿಕೊಳ್ಳುವುದು ಒಳ್ಳೆಯದು. ಬೆಳಗ್ಗೆ ಫಜ್ರ್‌ನ ವುಝೂವಿಗೆ ಮೊದಲು ಒಮ್ಮೆ ತೊಳೆದರಾಯಿತು.

ಎಣ್ಣೆ ಹಚ್ಚಿದ ಮಾತ್ರಕ್ಕೆ ಇದ್ದ ವುಝೂ ಮುರಿಯುವುದಿಲ್ಲ. ಆದರೆ ಶಾಫಿಈ ಮದ್ಹಬ್‌ನಲ್ಲಿ ಪತಿಪತ್ನಿಯರ ಚರ್ಮ ನೇರವಾಗಿ ತಾಗಿದರೆ ವುಝೂ ಮುರಿಯುತ್ತದೆ ಎಂಬುದನ್ನು ಒಬ್ಬರು ಇನ್ನೊಬ್ಬರ ಕಾಲು ತಿಕ್ಕುವಾಗ ನೆನಪಿಡಬೇಕು. ತಾಯಿ, ತಂದೆಯ ಸೇವೆ ಮಾಡುವ ಮಕ್ಕಳಿಗೆ ಈ ಪ್ರಶ್ನೆಯೇ ಬರುವುದಿಲ್ಲ.

ಇಹ್ರಾಮ್, ಇದ್ದತ್, ಉಪವಾಸ

ಇಹ್ರಾಮ್ ಸ್ಥಿತಿಯಲ್ಲಿ ಮರಣ ಹೊಂದಿದ ಒಬ್ಬ ಸಹಾಬಿಯನ್ನು ನೀರು ಮತ್ತು ಸಿದ್ರ್ ಎಲೆಯಿಂದ ತೊಳೆಯಲು, ಆದರೆ ಸುಗಂಧ ಪೂಸದಿರಲು ಪ್ರವಾದಿ(ಸ)ರವರು ಆದೇಶಿಸಿದರೆಂದು ಬುಖಾರಿಯಲ್ಲಿದೆ. ಸಿದ್ರ್ ಎಂದರೆ ನಮ್ಮ ಎಲಚಿ ಜಾತಿಯ ಮರ, ಅದರ ಎಲೆ ಅಂದಿನ ಸಾಬೂನು. ಶುಚಿಗೊಳಿಸುವುದು ಬೇರೆ, ಸುಗಂಧ ಪೂಸುವುದು ಬೇರೆ ಎಂಬುದು ಇದರಿಂದ ತಿಳಿಯುತ್ತದೆ. ಹಜ್ಜ್, ಉಮ್ರಾ ಯಾತ್ರಿಕರು ಇಹ್ರಾಮ್‌ನಲ್ಲಿರುವಾಗ ವಾಸನೆಯಿಲ್ಲದ ಸಾಬೂನನ್ನೇ ಬಳಸಲಿ. ಮಸಾಜ್ ಗಟ್ಟಿ ಆಗ ಬೇಡ. ಸುಗಂಧವಿಲ್ಲದ ಎಣ್ಣೆಯ ಬಗ್ಗೆಯೂ ಮದ್ಹಬ್‌ಗಳಲ್ಲಿ ವ್ಯತ್ಯಾಸವಿರುವುದರಿಂದ ಬಿಟ್ಟುಬಿಡುವುದೇ ಸುರಕ್ಷಿತ.

ಪತಿಯನ್ನು ಕಳೆದುಕೊಂಡ ಸಹೋದರಿಯರು ಇದ್ದತ್‌ನ 4 ತಿಂಗಳು 10 ದಿನ, ಗರ್ಭಿಣಿಯಾಗಿದ್ದರೆ ಹೆರಿಗೆಯ ತನಕ, ಸುಗಂಧದಿಂದ ದೂರವಿರಬೇಕು. ಹಾಗೆಂದು ಅವರಿಗೆ ಸಾಬೂನನ್ನೇ ಕೊಡದಿರುವ ಮನೆಗಳಿವೆ. ಇದು ಸರಿಯಲ್ಲ. ಸ್ನಾನ, ಶುಚಿತ್ವ ಅವರಿಗೆ ನಿಷಿದ್ಧವಲ್ಲ. ವಾಸನೆಯಿಲ್ಲದ ಸಾಬೂನು ತಂದುಕೊಡಿ.

ಉಪವಾಸದಲ್ಲಿ ಸಾಬೂನು ಹಚ್ಚಿ ಸ್ನಾನ ಮಾಡುವುದರಿಂದಲೂ, ಮೈಗೆ ಎಣ್ಣೆ ತಿಕ್ಕುವುದರಿಂದಲೂ ಉಪವಾಸ ಮುರಿಯುವುದಿಲ್ಲ.

ಮಸೀದಿಯ ಬಗ್ಗೆಯೂ ಒಂದು ಮಾತು. ಹಸಿ ಈರುಳ್ಳಿ, ಬೆಳ್ಳುಳ್ಳಿ ತಿಂದು ಮಸೀದಿಗೆ ಬರಬೇಡಿ ಎಂದ ಹದೀಸಿನ ಉದ್ದೇಶ ಪಕ್ಕದವರಿಗೆ ತೊಂದರೆಯಾಗಬಾರದು ಎಂಬುದು. ಉಬ್ಬಸ ಇರುವವರಿಗೆ ಕಟುವಾದ ಸುಗಂಧವೂ ತೊಂದರೆಯೇ. ಸ್ವಲ್ಪ ಸಾಕು.

ಮಸಾಜ್ ಗಟ್ಟಿ ಯಾರಿಗೆ?

ನಮ್ಮ ಅನುಭವದಲ್ಲಿ ಇದರ ಅತ್ಯುತ್ತಮ ಬಳಕೆ ವಯಸ್ಸಾದವರ ಕಾಲಿಗೆ. ಎಣ್ಣೆಯ ಬಾಟಲಿ ಚೆಲ್ಲುವುದಿಲ್ಲ, ಹಾಸಿಗೆಗೆ ಸುರಿಯುವುದಿಲ್ಲ. ಮೊಮ್ಮಕ್ಕಳ ಕೈಗೆ ಕೊಟ್ಟರೂ ತಿಕ್ಕಿಯಾರು. ಗಲ್ಫ್‌ನಲ್ಲಿರುವ ಮಗ ಕಳಿಸಿದ ದುಬಾರಿ ಗಟ್ಟಿ ಕಪಾಟಿನಲ್ಲಿ ಇದ್ದರೆ ಉಮ್ಮನ ನೋವು ಹೋಗದು. ಯಾರಾದರೂ ಹತ್ತು ನಿಮಿಷ ಪಕ್ಕದಲ್ಲಿ ಕೂರಬೇಕು.

ಕೆಲವು ಎಚ್ಚರಿಕೆಗಳಿವೆ. ಜಿಡ್ಡಿನ ಕಾಲಿನಲ್ಲಿ ವುಝೂ ಮಾಡುವ ಟೈಲ್ಸ್ ಮೇಲೆ ನಡೆದರೆ ಜಾರಿ ಬೀಳುವ ಅಪಾಯವಿದೆ. ವಯಸ್ಸಾದವರ ಸೊಂಟದ ಮೂಳೆ ಮುರಿದರೆ ಮತ್ತೆ ಎದ್ದು ನಡೆಯುವುದು ಕಷ್ಟ. ಕಾಲು ಒರೆಸಿ, ಚಪ್ಪಲಿ ಹಾಕಿಸಿ. ಸಕ್ಕರೆ ಕಾಯಿಲೆಯವರ ಗಾಯದ ಮೇಲೆ, ಬೆರಳುಗಳ ಸಂದಿಯಲ್ಲಿ ಹಚ್ಚಬೇಡಿ. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು, ಕೆಂಪಾಗಿ ನೋಯುತ್ತಿದ್ದರೆ ತಿಕ್ಕಲೇಬಾರದು. ರಕ್ತ ಹೆಪ್ಪುಗಟ್ಟಿರಬಹುದು, ವೈದ್ಯರಿಗೆ ತೋರಿಸಿ. ಸುಗಂಧತೈಲ ಎಲ್ಲರ ಮೈಗೂ ಒಗ್ಗುವುದಿಲ್ಲ. ಮೊದಲು ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಎಳೆಯ ಮಕ್ಕಳಿಗೆ ಸುಗಂಧವಿಲ್ಲದ್ದೇ ಸಾಕು.

ಮಾಡಿ ಮಾರುವವರಿಗೆ

ಸ್ವಂತ ಕೈಯ ದುಡಿಮೆಯಿಂದ ತಿಂದ ಅನ್ನಕ್ಕಿಂತ ಉತ್ತಮವಾದುದನ್ನು ಯಾರೂ ತಿಂದಿಲ್ಲ ಎಂಬ ಅರ್ಥದ ಹದೀಸ್ ಬುಖಾರಿಯಲ್ಲಿದೆ. ಆದ್ದರಿಂದ ಸಾಬೂನು ಮಾಡಿ ಮನೆ ನಡೆಸುವ ಸಹೋದರಿಯರನ್ನು ನಾವು ಗೌರವಿಸುತ್ತೇವೆ. ಆದರೆ ಇದು ಅಡುಗೆಯಂತೆ ಕಣ್ಣಳತೆಯಲ್ಲಿ ಮಾಡುವ ಕೆಲಸವಲ್ಲ. 1 ಕಿಲೋ ತೆಂಗಿನೆಣ್ಣೆ ಸಾಬೂನಾಗಲು ಸುಮಾರು 183 ಗ್ರಾಮ್ ಕಾಸ್ಟಿಕ್ ಸೋಡಾ ಬೇಕು, 1 ಕಿಲೋ ಆಲಿವ್ ಎಣ್ಣೆಗೆ ಸುಮಾರು 135 ಗ್ರಾಮ್ ಸಾಕು. ತೆಂಗಿನೆಣ್ಣೆಯ ಲೆಕ್ಕದಲ್ಲೇ ಆಲಿವ್ ಎಣ್ಣೆ ಹಾಕಿದರೆ 48 ಗ್ರಾಮ್ ಸೋಡಾ ಹಾಗೆಯೇ ಉಳಿದು ಬಳಸಿದವರ ಚರ್ಮವನ್ನು ಸುಡುತ್ತದೆ. ಗ್ರಾಮ್ ತೋರಿಸುವ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಲೆಕ್ಕಕ್ಕಿಂತ ನೂರಕ್ಕೆ 5ರಷ್ಟು ಸೋಡಾ ಕಡಿಮೆ ಹಾಕುವುದು ರೂಢಿ.

ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಅಲ್ಯೂಮಿನಿಯಮ್ ಪಾತ್ರೆ ಬೇಡ, ಸ್ಟೀಲ್ ಇರಲಿ. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಮಕ್ಕಳು ಮಲಗಿದ ಮೇಲೆ ಅಥವಾ ಶಾಲೆಗೆ ಹೋದ ಮೇಲೆ ಕಿಟಕಿ ತೆರೆದು ಮಾಡಿ. ಮೈಗೆ ತಾಗಿದರೆ ಕೂಡಲೇ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಿರಿ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಿ. ಇದಕ್ಕೆ ಧೈರ್ಯವಿಲ್ಲದವರು ಅಂಗಡಿಯಲ್ಲಿ ಸಿಗುವ ಸಿದ್ಧ ಸಾಬೂನು ಬೇಸ್ ಕರಗಿಸಿ, ಅಚ್ಚಿಗೆ ಹೊಯ್ಯಬಹುದು. ಮಾರಾಟಕ್ಕಾಗಿ ತಯಾರಿಸುವವರಿಗೆ ಸೌಂದರ್ಯವರ್ಧಕಗಳ ನಿಯಮದಂತೆ ರಾಜ್ಯ ಔಷಧ ನಿಯಂತ್ರಣ ಇಲಾಖೆಯ ಪರವಾನಗಿ ಬೇಕು ಎಂಬುದೂ ತಿಳಿದಿರಲಿ.

ತೂಕದ ವಿಷಯ ಇನ್ನೂ ಮುಖ್ಯ. ಹಸಿ ಸಾಬೂನು ಒಣಗುವಾಗ ನೀರು ಆರಿ ತೂಕ ಇಳಿಯುತ್ತದೆ. ಕತ್ತರಿಸಿದ ದಿನ 100 ಗ್ರಾಮ್ ಇದ್ದದ್ದು ವಾರಗಳ ನಂತರ ಅಷ್ಟೇ ಇರುವುದಿಲ್ಲ. ಒಣಗಿದ ಮೇಲೆ ತೂಗಿ ಚೀಟಿ ಅಂಟಿಸಿ. ಅಳತೆ, ತೂಕದಲ್ಲಿ ಕಡಿತ ಮಾಡುವವರ ಬಗ್ಗೆ ಕುರ್‌ಆನಿನಲ್ಲಿ ಅಲ್ ಮುತಫ್ಫಿಫೀನ್ ಎಂಬ ಒಂದು ಅಧ್ಯಾಯವೇ ಇದೆ. ಶ್ರೀಗಂಧದ ಎಣ್ಣೆ ಬಲು ದುಬಾರಿ. ಕೃತಕ ಪರಿಮಳ ಹಾಕಿ 'ಶುದ್ಧ ಶ್ರೀಗಂಧ' ಎಂದು ಬರೆಯಬೇಡಿ. 'ಗಂಧದ ಪರಿಮಳ' ಎಂದು ಬರೆದರೆ ಅದು ಸತ್ಯ. ಕಜ್ಜಿ, ಸೋರಿಯಾಸಿಸ್ ವಾಸಿಯಾಗುತ್ತದೆ ಎಂದೂ ಬರೆಯಬೇಡಿ. ಮೇಲೆ ಒಣ ಧಾನ್ಯ ಇಟ್ಟು ಕೆಳಗೆ ಒದ್ದೆಯದನ್ನು ಮುಚ್ಚಿಟ್ಟ ವ್ಯಾಪಾರಿಗೆ ಪ್ರವಾದಿ(ಸ)ರವರು, ವಂಚಿಸುವವನು ತಮ್ಮವನಲ್ಲ ಎಂದು ಎಚ್ಚರಿಸಿದ್ದನ್ನು ನೆನೆಯಿರಿ. ಯಾವ ಯಾವ ಎಣ್ಣೆ ಹಾಕಿದ್ದೀರಿ, ಯಾವ ದಿನ ಮಾಡಿದ್ದೀರಿ, ಮೇಣ ಇದೆಯೋ ಇಲ್ಲವೋ ಎಂದು ಚೀಟಿಯಲ್ಲಿ ಬರೆದರೆ ಕೊಳ್ಳುವವರ ವುಝೂವನ್ನೂ ಕಾಪಾಡಿದಂತಾಗುತ್ತದೆ.

ಒಂದು ಸಲಹೆಯೂ ಇದೆ. ವಾಸನೆಯಿಲ್ಲದ, ಸಸ್ಯಜನ್ಯ ಎಣ್ಣೆಯ ಚಿಕ್ಕ ಸಾಬೂನುಗಳನ್ನು ಮಾಡಿ ಹಜ್ಜ್ ಯಾತ್ರಿಕರಿಗೂ ಇದ್ದತ್‌ನಲ್ಲಿರುವವರಿಗೂ ಒದಗಿಸಿ. ಇಂಥದ್ದನ್ನು ಹುಡುಕಿ ಬರುವವರು ಪ್ರತಿ ಮಹಲ್ಲಾದಲ್ಲೂ ಇದ್ದಾರೆ.

ನಮ್ಮ ಮೈಯನ್ನೂ ಮನಸ್ಸನ್ನೂ ದುಡಿಮೆಯನ್ನೂ ಅಲ್ಲಾಹನು ಶುದ್ಧಗೊಳಿಸಲಿ. ಆಮೀನ್.