ಮೇದರ ಕೇರಿಯ ಬೇಸಿಗೆ ಕಲಿಕೆ

ದೇವನಹಳ್ಳಿಯಿಂದ ವಿಜಯಪುರಕ್ಕೆ, ಅಲ್ಲಿಂದ ಶಿಡ್ಲಘಟ್ಟದ ಕಡೆಗೆ ಹೋಗುವ ದಾರಿಯ ಊರುಗಳಲ್ಲಿ ಮನೆಗೋಡೆಗೆ, ಹುಳು ಮನೆಯ ಜಗುಲಿಗೆ ಒರಗಿಸಿಟ್ಟ ಬಿದಿರಿನ ಚಂದ್ರಿಕೆಗಳನ್ನು ನೋಡದವರಿಲ್ಲ. ಸುಮಾರು ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ತಟ್ಟಿ. ಅದರ ಮೇಲೆ ಸುರುಳಿ ಸುತ್ತಿಕೊಂಡು ಹೋಗುವ ಬಿದಿರಿನ ಪಟ್ಟಿ. ಹಣ್ಣಾದ ರೇಷ್ಮೆಹುಳು ಗೂಡು ಕಟ್ಟುವುದು ಈ ಸುತ್ತುಗಳ ನಡುವೆ. ರೇಷ್ಮೆಯ ವಿಷಯ ಬಂದಾಗ ಹಿಪ್ಪುನೇರಳೆ ತೋಟ, ಗೂಡಿನ ಧಾರಣೆ, ನೂಲು ಬಿಚ್ಚಾಣಿಕೆ, ದೊಡ್ಡಬಳ್ಳಾಪುರದ ಮಗ್ಗ ಎಲ್ಲದರ ಮಾತೂ ಬರುತ್ತದೆ. ಚಂದ್ರಿಕೆ ಹೆಣೆದವರ ಮಾತು ಬರುವುದೇ ಅಪರೂಪ. ಹೆಣೆದವರು ಮೇದರು. ಅವರ ಮಕ್ಕಳು ಈ ಕೆಲಸ ಕಲಿಯುವ ಕಾಲ ಬೇಸಿಗೆ ರಜೆ.

ಏಪ್ರಿಲ್ ಎರಡನೇ ವಾರ ಶಾಲೆಗಳು ಮುಚ್ಚುತ್ತವೆ, ಮೇ ಕೊನೆಗೆ ತೆರೆಯುತ್ತವೆ. ನಡುವಿನ ಈ ಒಂದೂವರೆ ತಿಂಗಳಲ್ಲಿ ಪಟ್ಟಣಗಳಲ್ಲಿ ಬೇಸಿಗೆ ಶಿಬಿರಗಳು ನಡೆಯುತ್ತವೆ. ಚಿತ್ರಕಲೆ, ನಾಟಕ, ಮಣ್ಣಿನ ಗೊಂಬೆ, ಕೆಲವೆಡೆ ಬುಟ್ಟಿ ಹೆಣಿಗೆಯನ್ನೂ ಹೇಳಿಕೊಡುತ್ತಾರೆ. ಅದಕ್ಕೆ ಪಾಲಕರು ಶುಲ್ಕ ಕಟ್ಟುತ್ತಾರೆ. ಮೇದರ ಮನೆಗಳಲ್ಲಿ ಅದೇ ದಿನಗಳಲ್ಲಿ, ಅದಕ್ಕಿಂತ ಎಷ್ಟೋ ಪಟ್ಟು ಆಳವಾದ ಕಲಿಕೆ ನಡೆಯುತ್ತದೆ. ಅದಕ್ಕೆ ಹೆಸರಿಲ್ಲ, ಪ್ರಮಾಣಪತ್ರವಿಲ್ಲ, ಕಲಿಸುವವರಿಗೂ ಕಲಿಯುವವರಿಗೂ ಬಿಡಿಗಾಸಿಲ್ಲ. ಎಂಜಿನಿಯರಿಂಗ್ ಓದುವ ಹುಡುಗ ಬೆಂಗಳೂರಿನ ಕಂಪನಿಯಲ್ಲಿ ಎರಡು ತಿಂಗಳು ಕುಳಿತು ಕೆಲಸ ಕಲಿತರೆ ಅದು ಇಂಟರ್ನ್‌ಶಿಪ್, ಭತ್ಯೆಯೂ ಸಿಗುವುದುಂಟು. ಅಜ್ಜಿಯ ಪಕ್ಕ ಕುಳಿತು ಬಿದಿರು ಸೀಳುವುದನ್ನು ಕಲಿಯುವ ಹುಡುಗಿಗೂ ಅಷ್ಟೇ ಗೌರವ, ಅಷ್ಟೇ ಸಂಬಳ ಸಿಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಮೇದ, ಮೇದಾರಿ, ಗೌರಿಗ, ಬುರುಡ ಎಂಬ ಹೆಸರುಗಳು ಒಟ್ಟಿಗೇ ಬರುತ್ತವೆ. ಹೆಸರು ಹಲವು, ಕಸುಬು ಒಂದೇ. ಹನ್ನೆರಡನೆಯ ಶತಮಾನದ ಶರಣ ಮೇದಾರ ಕೇತಯ್ಯ ಇವರ ಕುಲಗುರು. ಬಸವಣ್ಣನವರ ಕಾಲದಲ್ಲಿ ಬುಟ್ಟಿ ಮೊರ ಹೆಣೆದು, ಮಾರಿ ಬಂದದ್ದರಲ್ಲಿ ದಾಸೋಹ ನಡೆಸಿದ ವಚನಕಾರ ಆತ. ಒಕ್ಕಲುತನ ಇದ್ದಲ್ಲೆಲ್ಲ ಮೇದರು ಬೇಕಿತ್ತು. ಕಣಕ್ಕೆ ಮೊರ, ಗೊಬ್ಬರಕ್ಕೆ ಮಂಕರಿ, ರಾಗಿ ತುಂಬಲು ವಾಡೆ, ಕೊಟ್ಟಿಗೆಗೆ ತಡಿಕೆ, ಹಸುಗೂಸಿಗೆ ತೊಟ್ಟಿಲು, ಕೊನೆಗೆ ಚಟ್ಟಕ್ಕೂ ಬಿದಿರು ಕೊಡುವವರು ಅವರೇ. ಬೆಂಗಳೂರಿನ ಪೂರ್ವ ಮತ್ತು ಉತ್ತರದ ಈ ಸೀಮೆಯಲ್ಲಿ ಅದರ ಜೊತೆಗೆ ರೇಷ್ಮೆ ಸೇರಿತು. ಹುಳು ಸಾಕುವ ಬಿದಿರು ತಟ್ಟೆಯೂ ಚಂದ್ರಿಕೆಯೂ ಅವರಿಗೆ ವರ್ಷವಿಡೀ ಕೆಲಸ ಕೊಟ್ಟವು.

ಕಲಿಕೆಗೆ ಒಂದು ಕ್ರಮವಿದೆ. ಮೊದಲು ಮಗುವಿಗೆ ಸಿಗುವುದು ಸೀಳಿದ ದಬ್ಬೆಗಳನ್ನು ಉದ್ದ ನೋಡಿ ಜೋಡಿಸುವ, ನೀರು ಚಿಮುಕಿಸಿ ಹದವಾಗಿಡುವ ಕೆಲಸ. ಬೇಸಿಗೆಯ ಬಿಸಿಲಲ್ಲಿ ಸೀಳು ಬೇಗ ಒಣಗಿ ಮುರಿಯುತ್ತದೆ. ನೀರು ಹೆಚ್ಚಾದರೆ ಹೆಣೆದ ಮೇಲೆ ಒಣಗಿ ಸಡಿಲವಾಗುತ್ತದೆ. ಎಷ್ಟು ಸಾಕು ಎಂಬುದು ಬೆರಳಿಗೆ ಗೊತ್ತಾಗಬೇಕು. ಆಮೇಲೆ ತಳ ಹಾಕುವುದು: ಒಂದು ಮೇಲೆ, ಒಂದು ಕೆಳಗೆ. ಹತ್ತು ಹನ್ನೊಂದು ವರ್ಷದ ಮಕ್ಕಳು ಇಲ್ಲಿಯವರೆಗೆ ಆಡುತ್ತಲೇ ಬಂದುಬಿಡುತ್ತಾರೆ.

ನಿಜವಾದ ವಿದ್ಯೆ ಇರುವುದು ಸೀಳುವುದರಲ್ಲಿ. ಹಸಿ ಗಳದ ತುದಿಗೆ ಮಚ್ಚು ಇಟ್ಟು ತಟ್ಟಿ ಬಾಯಿ ಬಿಡಿಸಿದ ಮೇಲೆ ಮಚ್ಚಿಗೆ ಹೆಚ್ಚು ಕೆಲಸವಿಲ್ಲ, ಕೈಯೇ ಎಳೆಯಬೇಕು. ಎರಡು ಭಾಗ, ನಾಲ್ಕು, ಎಂಟು. ದಬ್ಬೆ ಸಣ್ಣದಾದಂತೆ ಸೀಳು ಒಂದು ಬದಿಗೆ ಜಾರಲು ನೋಡುತ್ತದೆ: ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಆಗ ದಪ್ಪಗಿರುವ ಕಡೆಯನ್ನು ಹೆಬ್ಬೆರಳಿಂದ ಒತ್ತಿ ಹೊರಕ್ಕೆ ಬಗ್ಗಿಸಿದರೆ ಸೀಳು ತಿರುಗಿ ನಡುಗೆರೆಗೆ ಬರುತ್ತದೆ. ಗಿಣ್ಣು ಬಂದಾಗ ಕೈ ತಡೆದು, ಮಚ್ಚಿನ ಮೊನೆ ತಾಗಿಸಿ, ಮತ್ತೆ ಎಳೆಯಬೇಕು. ಕೊನೆಗೆ ಹಸಿರು ಹೊರಪದರವನ್ನು ಒಳಗಿನ ಬಿಳಿ ತಿರುಳಿನಿಂದ ಬೇರ್ಪಡಿಸುತ್ತಾರೆ. ಗಟ್ಟಿ ಇರುವುದು ಹೊರಪದರ. ಅಂಚಿಗೂ ಕಟ್ಟಿಗೂ ಅದೇ ಬೇಕು. ತಿರುಳು ಬುಟ್ಟಿ, ಮೊರದ ಹೊಟ್ಟೆ ತುಂಬಿಸಲು. ಇದಿಷ್ಟೂ ಕಲಿಯುವಾಗ ಬೆರಳಿಗೆ ಸಿಬಿರು ಚುಚ್ಚದ ದಿನವಿಲ್ಲ. ಬಟ್ಟೆ ಸುತ್ತಿಕೊಂಡು ಮುಂದುವರಿಯುತ್ತಾರೆ. ಸಾಮಾನ್ಯವಾಗಿ ಗಳ ಕಡಿದು ಸೀಳುವುದು ಗಂಡಸರು, ಹೆಣೆಯುವುದು ಹೆಂಗಸರು ಎಂದು ಕೆಲಸ ಹಂಚಿಕೆಯಾಗಿದ್ದರೂ ಅನೇಕ ಮನೆಗಳಲ್ಲಿ ಹೆಂಗಸರು ಎರಡನ್ನೂ ಬಲ್ಲರು. ಹದಿನೈದು ಹದಿನಾರರ ವಯಸ್ಸಿನಲ್ಲಿ ಎರಡು ಮೂರು ಬೇಸಿಗೆ ಹೀಗೆ ಕುಳಿತವರ ಕೈ ಜೀವಮಾನಕ್ಕೆ ಪಳಗುತ್ತದೆ. ಆ ವಯಸ್ಸು ದಾಟಿದ ಮೇಲೆ ಕಲಿಯಲಾಗದೆಂದಲ್ಲ, ಕುಳಿತುಕೊಳ್ಳುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ಚಂದ್ರಿಕೆ ಕೊನೆಯ ಪಾಠ. ತಟ್ಟಿ ಹೆಣೆದು ಸುತ್ತ ದಬ್ಬೆ ಕಟ್ಟಿ ಬಿಗಿ ಮಾಡಬೇಕು. ಬೇರೆಯಾಗಿ, ಸುಮಾರು ಎರಡು ಅಂಗುಲ ಅಗಲದ ಉದ್ದನೆಯ ಪಟ್ಟಿ ಹೆಣೆಯಬೇಕು. ಆ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಸುತ್ತಿನಿಂದ ಸುತ್ತಿಗೆ ಎರಡು ಅಂಗುಲದಷ್ಟೇ ಅಂತರ ಬಿಟ್ಟು ಸುರುಳಿಯಾಗಿ ಕೂರಿಸಬೇಕು. ಅಂತರ ಹೆಚ್ಚಾದರೆ ಹುಳುವಿಗೆ ಆಸರೆ ಸಿಗದೆ ನೂಲು ಹಾಳು; ಕಡಿಮೆಯಾದರೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ, ಅಂಥ ಜೋಡಿ ಗೂಡಿನ ನೂಲು ಸಲೀಸಾಗಿ ಬಿಚ್ಚುವುದಿಲ್ಲ. ಒಂದು ಚಂದ್ರಿಕೆಗೆ ಸಾವಿರದಿಂದ ಸಾವಿರದ ಇನ್ನೂರು ಹುಳು ಬಿಡುತ್ತಾರೆ. ನಾಲ್ಕು ಜ್ವರ ಮುಗಿಸಿ ಹಣ್ಣಾದ ಹುಳು ಗೂಡು ಕಟ್ಟುವ ಮುನ್ನ ಮೈಯಲ್ಲಿರುವ ನೀರನ್ನು ಹೊರಹಾಕುತ್ತದೆ. ಆ ತೇವವನ್ನು ಬಿದಿರು ಹೀರುತ್ತದೆ, ಸಂದಿನಲ್ಲಿ ಗಾಳಿಯಾಡುತ್ತದೆ. ಎರಡು ಮೂರು ದಿನದಲ್ಲಿ ಗೂಡು ಪೂರ್ತಿಯಾಗಿ, ಐದಾರನೆಯ ದಿನಕ್ಕೆ ಬಿಡಿಸಲು ಬರುತ್ತದೆ. ಹುಳುವಿನ ಸ್ವಭಾವವನ್ನು ರೈತನಷ್ಟೇ ಬಲ್ಲವರು ಮೇದರು ಎನ್ನಲು ಈ ಎರಡಂಗುಲದ ಲೆಕ್ಕವೇ ಸಾಕು.

ಈಗ ಹುಳು ಮನೆಗಳಲ್ಲಿ ನೇತ್ರಿಕೆ ಬಂದಿದೆ. ಪ್ಲಾಸ್ಟಿಕ್ಕಿನದು, ಮಡಿಸಿಡಬಹುದು, ತೊಳೆದು ಸೋಂಕು ನಿವಾರಣೆ ಮಾಡುವುದು ಸುಲಭ. ಬೈವೋಲ್ಟೀನ್ ಗೂಡಿಗೆ ರೋಟರಿ ಚಂದ್ರಿಕೆ ಒಳ್ಳೆಯದೆಂದು ಇಲಾಖೆಯೂ ಹೇಳುತ್ತದೆ. ಸೊಪ್ಪನ್ನು ರೆಂಬೆ ಸಮೇತ ಹಾಕುವ ರೆಂಬೆ ಪದ್ಧತಿಯಲ್ಲಿ ಹುಳು ಸಾಕತೊಡಗಿದ ಮೇಲೆ ಬಿದಿರು ತಟ್ಟೆಗಳ ಅಗತ್ಯವೂ ಇಳಿಯಿತು. ರೈತನನ್ನು ದೂರುವಂತಿಲ್ಲ, ಬಿದಿರಿನ ಚಂದ್ರಿಕೆಗೆ ಜಾಗ ಬೇಕು. ಎಷ್ಟೋ ಸಣ್ಣ ರೈತರು ಅದನ್ನು ಕೊಳ್ಳದೆ ಬೆಳೆಗಿಷ್ಟು ಎಂದು ಬಾಡಿಗೆಗೆ ತರುತ್ತಿದ್ದುದೂ ಇದಕ್ಕೇ. ಹಿಪ್ಪುನೇರಳೆಯ ನೆಲವೂ ನಿಶ್ಚಿಂತೆಯಿಂದ ಇಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಸ್ವಾಧೀನದ ಪ್ರಸ್ತಾವವನ್ನು ಸರ್ಕಾರ ಕೈಬಿಟ್ಟದ್ದು ರೈತರ ದೀರ್ಘ ಹೋರಾಟದ ನಂತರ, 2025ರ ಜುಲೈನಲ್ಲಿ. ತೋಟ ಉಳಿದರೆ ಹುಳು ಉಳಿಯುತ್ತದೆ, ಹುಳು ಉಳಿದರೆ ಚಂದ್ರಿಕೆಗೆ ಕೇಳುವವರಿರುತ್ತಾರೆ.

ಹಾಗಾದರೆ ಹದಿನಾರರ ಹುಡುಗ ಬೇಸಿಗೆಯಲ್ಲಿ ಅಜ್ಜಿಯ ಪಕ್ಕ ಯಾಕೆ ಕೂರಬೇಕು? ವಿಮಾನ ನಿಲ್ದಾಣದ ಸುತ್ತ, ದಾಬಸಪೇಟೆ ಹೊಸಕೋಟೆಗಳ ಗೋದಾಮುಗಳಲ್ಲಿ, ಮದುವೆ ಛತ್ರದ ಅಡುಗೆ ಕೆಲಸದಲ್ಲಿ ರಜೆಯಲ್ಲೂ ದಿನಗೂಲಿ ಸಿಗುತ್ತದೆ. ಮನೆಗೆ ಆ ಹಣ ಬೇಕು. ಮಕ್ಕಳಿಗೆ ಆಸಕ್ತಿ ಇಲ್ಲ ಎಂದು ಹಿರಿಯರು ಬೇಸರಿಸುತ್ತಾರೆ. ಆಸಕ್ತಿಗಿಂತ ಕೂಲಿಯ ಲೆಕ್ಕ ದೊಡ್ಡದೆಂದು ನನಗನ್ನಿಸುತ್ತದೆ. ಕಲಿಯುವ ದಿನಗಳಲ್ಲಿ ಸಂಪಾದನೆ ಇಲ್ಲ, ಕಲಿಸುವ ದಿನಗಳಲ್ಲಿ ಅಜ್ಜಿಯ ಮೊರಗಳ ಎಣಿಕೆಯೂ ಅರ್ಧಕ್ಕಿಳಿಯುತ್ತದೆ. ಎರಡೂ ನಷ್ಟವನ್ನು ಒಂದೇ ಮನೆ ಹೊರುತ್ತಿದೆ.

ಸರ್ಕಾರಕ್ಕೆ ಈ ಲೆಕ್ಕ ತಿಳಿಯದೆಂದಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬುಟ್ಟಿ, ಚಾಪೆ ಹೆಣೆಯುವುದೂ ಒಂದು. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಆಮೇಲೆ ಶೇ 5ರ ಬಡ್ಡಿಯಲ್ಲಿ ಸಾಲ. ಒಳ್ಳೆಯ ಯೋಜನೆ. ಆದರೆ 18 ವರ್ಷ ತುಂಬಿರಬೇಕು, ಮನೆಗೊಬ್ಬರಿಗೆ ಮಾತ್ರ. ಆರಂಭದ ತರಬೇತಿ ಐದರಿಂದ ಏಳು ದಿನ, ಮುಂದಿನದು ಹದಿನೈದು ದಿನ. ಅದು ಕೆಲಸ ಬಲ್ಲವರಿಗೆ ಮಾಡಿದ್ದು. ಕೈ ಪಳಗುವ ವಯಸ್ಸಿನ ಹೊಸಬರು ಅದರ ಹೊರಗೇ ಉಳಿಯುತ್ತಾರೆ.

ಮಕ್ಕಳ ಕೆಲಸ ಎಂದಾಕ್ಷಣ ಎಚ್ಚರ ಬೇಕು, ನಿಜ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಷೇಧ ಕಾಯ್ದೆ, ಶಾಲೆಯ ಹೊತ್ತಿನ ಆಚೆಗೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಮನೆಕಸುಬಿಗೆ ಮಗು ನೆರವಾಗಬಹುದೆಂದು ಹೇಳುತ್ತದೆ. ಈ ವಿನಾಯಿತಿ ದುರುಪಯೋಗವಾಗುವ ಭಯ ಇದ್ದೇ ಇದೆ. ಆದ್ದರಿಂದಲೇ ಹದಿನಾರು ದಾಟಿದವರಿಗೆ, ಬೇಸಿಗೆಗೆ ಮಾತ್ರ, ಹಾಜರಿ ಬರೆದು ಭತ್ಯೆ ಕೊಡುವ ಕಲಿಕೆ ಬೇಕು. ಜೂನ್‌ನಲ್ಲಿ ಅವರು ಕಾಲೇಜಿಗೆ ಮರಳಬೇಕು. ಮೇದರ ಮಗಳು ಲೆಕ್ಕಪತ್ರ ಓದಬಾರದೆಂದೋ, ಓದಿದವಳು ಮಚ್ಚು ಹಿಡಿಯಬಾರದೆಂದೋ ಯಾರೂ ಕಟ್ಟಳೆ ಹಾಕಬಾರದು.

ಇದು ಆಗದ ಮಾತಲ್ಲ ಎನ್ನಲು ದೂರದ ಒಂದು ಉದಾಹರಣೆ ಇದೆ. ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದಲ್ಲಿ ಪೆನಾಬ್‌ಸ್ಕಾಟ್, ಪಾಸಮಕ್ವಾಡಿ, ಮಿಕ್‌ಮಾಕ್, ಮಾಲಿಸೀಟ್ ಎಂಬ ನಾಲ್ಕು ಮೂಲನಿವಾಸಿ ಸಮುದಾಯಗಳು ಆ್ಯಶ್ ಮರದ ಸೀಳಿನಿಂದ ಬುಟ್ಟಿ ಹೆಣೆಯುತ್ತವೆ. 1990ರ ದಶಕದ ಆರಂಭಕ್ಕೆ ಹೆಣೆಯುವವರು ಬಹುತೇಕ ವಯಸ್ಸಾದವರೇ. 1993ರಲ್ಲಿ ಪೆನಾಬ್‌ಸ್ಕಾಟ್ ಸಮುದಾಯದ ಥೆರೆಸಾ ಸೆಕಾರ್ಡ್ ಮತ್ತು ಇತರರು ತಮ್ಮದೇ ಒಕ್ಕೂಟ ಕಟ್ಟಿ, ಹಿರಿಯರ ಬಳಿ ಕಿರಿಯರನ್ನು ಕಲಿಯಲು ಕೂರಿಸಿದರು, ಬುಟ್ಟಿಗೆ ನ್ಯಾಯವಾದ ಬೆಲೆ ಸಿಗುವ ಮಾರುಕಟ್ಟೆಗಳನ್ನು ನಡೆಸಿದರು. ಎರಡು ದಶಕಗಳಲ್ಲಿ ಹೆಣೆಯುವವರ ಸರಾಸರಿ ವಯಸ್ಸು 63ರಿಂದ 40ಕ್ಕೆ ಇಳಿಯಿತು. 55 ಇದ್ದ ಸದಸ್ಯರು 150ರಷ್ಟಾದರು. ಪಾಸಮಕ್ವಾಡಿ ಸಮುದಾಯದ ಜೆರೆಮಿ ಫ್ರೇ ಅವರ ಬುಟ್ಟಿಗಳು ಇಂದು ದೊಡ್ಡ ಕಲಾ ಸಂಗ್ರಹಾಲಯಗಳಲ್ಲಿವೆ. ಅಲ್ಲಿ ಒಕ್ಕೂಟ ಕಟ್ಟಿದವರು, ಕಲಿಸಿದವರು, ಕಲಿತವರು ಆ ಸಮುದಾಯಗಳವರೇ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಅವರಿಗೂ ಈಗ ಕಚ್ಚಾವಸ್ತುವಿನ ಚಿಂತೆ: ಆ್ಯಶ್ ಮರವನ್ನು ಕೊಲ್ಲುವ ಹಸಿರು ದುಂಬಿ 2018ರಲ್ಲಿ ಮೇನ್‌ಗೂ ಬಂತು.

ನಮ್ಮಲ್ಲೂ ಬಿದಿರಿನ ಚಿಂತೆ ಚಿಕ್ಕದಲ್ಲ. ಬೆಂಗಳೂರು ಗ್ರಾಮಾಂತರದಲ್ಲಿ ಹೇಳಿಕೊಳ್ಳುವಂಥ ಬಿದಿರು ಕಾಡಿಲ್ಲ. ಗಳಗಳು ದೂರದಿಂದ ಲಾರಿಯಲ್ಲಿ ಬರಬೇಕು, ಬಾಡಿಗೆಯೂ ಮೊರದ ಬೆಲೆಗೇ ಸೇರಬೇಕು. ಹೆಬ್ಬಿದಿರು ನಾಲ್ಕೈದು ದಶಕಕ್ಕೊಮ್ಮೆ ಕಾಡಿಗೆ ಕಾಡೇ ಹೂಬಿಟ್ಟು ಸಾಯುತ್ತದೆ. ಆ ಮೇಲೆ ಹಲವು ವರ್ಷ ಗಳಕ್ಕೆ ಬರ. 2017ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಕಾಡಿನ ಆಚೆ ಬೆಳೆದ ಬಿದಿರು 'ಮರ'ದ ಪಟ್ಟಿಯಿಂದ ಹೊರಬಂದಿದೆ. ಹಾಗಾಗಿ ಕೆರೆಯ ಅಂಗಳದ ಅಂಚಿನಲ್ಲಿ, ಗೋಮಾಳದ ಬದುವಿನಲ್ಲಿ ಕಿರುಬಿದಿರು ನೆಟ್ಟು ಮೇದರ ಸಂಘಗಳಿಗೆ ಕಡಿಯುವ ಹಕ್ಕು ಕೊಡುವುದು ಗ್ರಾಮ ಪಂಚಾಯಿತಿಗಳಿಗೆ ಸಾಧ್ಯವಾಗಬೇಕಾದ ಕೆಲಸ. ಬೇಸಿಗೆ ಕಲಿಕೆಯ ಮೊದಲ ವಾರ ಈ ಮೆಳೆಗಳಲ್ಲೇ ಕಳೆಯಲಿ. ಯಾವ ಗಳ ಬಲಿತದ್ದು, ಯಾವುದು ಎಳೆಯದು ಎಂದು ಬಣ್ಣ ನೋಡಿ, ತಟ್ಟಿ ಸದ್ದು ಕೇಳಿ ಹೇಳುವುದೂ ವಿದ್ಯೆಯ ಭಾಗ. ಅಮಾವಾಸ್ಯೆಯ ಆಸುಪಾಸಿನಲ್ಲಿ ಕಡಿದ ಬಿದಿರಿಗೆ ಹುಳ ಹಿಡಿಯುವುದಿಲ್ಲ ಎಂಬ ಹಿರಿಯರ ಮಾತನ್ನು ಹುಡುಗರು ತಾವೇ ಕಡಿದು ನೋಡಿ ಪರೀಕ್ಷಿಸಲಿ.

ಕಲಿಕೆ ಎಲ್ಲಿ ನಡೆಯಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಕೇರಿಯಲ್ಲೇ ಎಂಬುದು. ತಾಲ್ಲೂಕು ಕೇಂದ್ರದ ಸಭಾಂಗಣದಲ್ಲಿ ಫ್ಯಾನಿನ ಕೆಳಗೆ ಕೂರಿಸಿದರೆ ನೀರು ಚಿಮುಕಿಸುವ ಹದ, ಗಿರಾಕಿಯ ಜೊತೆ ಚೌಕಾಸಿ, ರೈತ ತಂದ ಹಳೆಯ ಚಂದ್ರಿಕೆಯ ದುರಸ್ತಿ ಯಾವುದೂ ಕಲಿಕೆಗೆ ಸಿಗುವುದಿಲ್ಲ. ನಗರದ ವಿನ್ಯಾಸಗಾರರು ಬರಲಿ, ದೀಪದ ಬುರುಡೆಗೆ ಹೊದಿಕೆ, ಹೂದಾನಿ ಕಲಿಸಲಿ. ಅದಕ್ಕೆ ಪೇಟೆ ಇದೆ. ಆದರೆ ಮೊರ, ಮಂಕರಿ, ಚಂದ್ರಿಕೆ ಬಿಟ್ಟು ಬರೀ ಅಲಂಕಾರದ ಸಾಮಾನು ಹಿಡಿದರೆ, ಆ ಸಾಮಾನಿನ ಗೀಳು ತೀರಿದ ದಿನ ಕೈಯಲ್ಲಿ ಏನೂ ಉಳಿಯದು. ಕಲಿಸುವ ಅಜ್ಜಿಗೆ ಕಲಿಯುವವರಿಗಿಂತ ಹೆಚ್ಚಿನ ಭತ್ಯೆ ಕೊಡಬೇಕು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗುರು ಎಂದೇ ಬರೆಯಬೇಕು.

ಈ ಕಲಿಕೆಗೆ ಒಂದು ಅನುಕೂಲ ಪಂಚಾಂಗದಲ್ಲೇ ಇದೆ. ರಜೆ ಮುಗಿದ ಮೂರು ತಿಂಗಳಿಗೆ ಗೌರಿ ಹಬ್ಬ. ಬಾಗಿನಕ್ಕೆ ಜೋಡಿ ಮೊರ ಬೇಕು, ಅದೂ ಹೊಸದೇ ಆಗಬೇಕು, ಅರಿಸಿನ ಬಳಿದು ಒಣಗಿಸಿರಬೇಕು. ಆಷಾಢದಿಂದಲೇ ಮೇದರ ಮನೆಗಳಲ್ಲಿ ಬಿಡುವಿರುವುದಿಲ್ಲ. ವರ್ಷದಲ್ಲಿ ಕೊಳ್ಳುವವರು ತಾವಾಗಿ ಹುಡುಕಿಕೊಂಡು ಬರುವ ಕಾಲ ಇದೊಂದೇ. ಮೇ ತಿಂಗಳಲ್ಲಿ ತಳ ಹಾಕಿ ಅಂಚು ಕಟ್ಟುವುದನ್ನು ಕಲಿತವರು ಶ್ರಾವಣದ ಹೊತ್ತಿಗೆ ಸಂಜೆ, ಭಾನುವಾರ ಕುಳಿತು ಬಾಗಿನದ ಸಣ್ಣ ಮೊರ ಹೆಣೆದು ತಮ್ಮದೇ ಹಣ ನೋಡಬಹುದು. ಆದರೆ ಹಬ್ಬದ ಹಿಂದಿನ ದಿನ ಬೆಂಗಳೂರಿನ ಮಾರುಕಟ್ಟೆಯಲ್ಲಿ ಜೋಡಿಗೆ ಕೊಡುವ ಬೆಲೆಯಲ್ಲಿ ಹೆಣೆದವರಿಗೆ ಸೇರುವ ಪಾಲು ಕಡಿಮೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದವರು ಜುಲೈನಲ್ಲೇ ಹತ್ತಿರದ ಮೇದರ ಮನೆಗೆ ಹೋಗಿ ಎಷ್ಟು ಜೋಡಿ ಬೇಕೆಂದು ಹೇಳಿ, ಮುಂಗಡ ಕೊಟ್ಟು ಬಂದರೆ ನಡುವಿನವರ ಪಾಲು ಹೆಣೆದವರಿಗೇ ಉಳಿಯುತ್ತದೆ. ಹಾಗೆ ಹೋದಾಗ, ಈ ಬೇಸಿಗೆಯಲ್ಲಿ ಕಲಿತವರು ಯಾರಾದರೂ ಮನೆಯಲ್ಲಿದ್ದಾರೆಯೇ ಎಂದು ಕೇಳಿ, ಒಂದೆರಡು ಜೋಡಿಯನ್ನು ಅವರ ಕೈಯಿಂದಲೇ ಹೆಣೆಸಿಕೊಳ್ಳಬಹುದು.