ಅಶೋಕನ ಜಾಡಿನಲ್ಲಿ ಕಾಲೇಜು ಪ್ರವಾಸ: ಸಿದ್ಧತೆ ಹೇಗೆ?

ಬೌದ್ಧ ಪರಂಪರೆಯನ್ನು ವಿದ್ಯಾರ್ಥಿಗಳಿಗೆ ತೋರಿಸಲು ಸಾಂಚಿ, ಅಜಂತಾಗಳಿಗೇ ಹೋಗಬೇಕೆಂದಿಲ್ಲ. ಕಲಬುರಗಿಯಿಂದ ಕೊಪ್ಪಳದವರೆಗೆ ಮೂರು ದಿನ ಸಾಗಿದರೆ ಕ್ರಿ.ಪೂ. 3ನೇ ಶತಮಾನದ ಶಾಸನಗಳೂ ಒಂದು ಮಹಾಸ್ತೂಪದ ಅವಶೇಷಗಳೂ ಸಿಗುತ್ತವೆ. ಆದರೆ ಬಸ್ಸಿಳಿದು, ಗುಂಪು ಫೋಟೊ ತೆಗೆಸಿಕೊಂಡು ಮತ್ತೆ ಬಸ್ ಹತ್ತಿದರೆ ಕಲಿತದ್ದೇನೂ ಉಳಿಯದು. ಹೊರಡುವ ಮೊದಲೇ ಒಂದು ಪ್ರಶ್ನೆ ಕೈಯಲ್ಲಿರಲಿ. ಈ ದಾರಿಗೆ ಹೊಂದುವ ಪ್ರಶ್ನೆ ಇದು: ತನ್ನನ್ನು ‘ದೇವಾನಾಂಪ್ರಿಯ’ ಎಂದು ಕರೆದುಕೊಂಡ ದೊರೆ ಅಶೋಕನೇ ಎಂದು ತಿಳಿದದ್ದು ಹೇಗೆ?

ಹೊರಡುವ ಮುನ್ನ

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಇಲ್ಲಿನ ಬಿಸಿಲು ತಡೆಯುವುದು ಕಷ್ಟ. ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಗೆ ಕಾಲೇಜಿನಿಂದ ಪತ್ರ ಬರೆದು, ಯಾವ ಶಿಲ್ಪ ಎಲ್ಲಿದೆ, ನೋಡಲು, ಫೋಟೊ ತೆಗೆಯಲು ಅವಕಾಶವಿದೆಯೇ ಎಂದು ವಿಚಾರಿಸಿ. ಊಟ, ನೀರು, ಶೌಚಾಲಯದ ವ್ಯವಸ್ಥೆಯನ್ನು ಪೇಟೆಯಲ್ಲೇ ಮಾಡಿಕೊಳ್ಳಿ.

ತರಗತಿಯಲ್ಲಿ ಬ್ರಾಹ್ಮಿಯ ಕೆಲವು ಅಕ್ಷರಗಳನ್ನಾದರೂ ಬರೆಯಿಸಿ. ‘ಕ’ ಕೂಡಿಸುವ ಚಿಹ್ನೆಯಂತಿದೆ, ‘ಠ’ ಬರೀ ವೃತ್ತ. ‘ಅಸೋಕ’ ಎಂಬ ಮೂರಕ್ಷರ ಗುರುತಿಸಲು ಬಂದರೆ ಸಾಕು, ಪ್ರವಾಸದ ರುಚಿಯೇ ಬೇರೆ.

ಮೊದಲ ದಿನ: ಸನ್ನತಿ, ಕನಗನಹಳ್ಳಿ

ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬಾ ದೇವಾಲಯವಿದೆ. ಅದರ ಆವರಣದ ಕಾಳಿ ಗುಡಿಯ ಚಾವಣಿ 1980ರ ದಶಕದಲ್ಲಿ ಕುಸಿಯಿತು. ದೇವಿಯ ಪೀಠವಾಗಿದ್ದ ಚಪ್ಪಡಿಯ ಎರಡೂ ಬದಿಯಲ್ಲಿ ಅಶೋಕನ ಶಾಸನವಿರುವುದು ಆಗ ಬೆಳಕಿಗೆ ಬಂತು. ಅದುವರೆಗೆ ಒಡಿಶಾದ ಧೌಲಿ, ಜೌಗಡಗಳಲ್ಲಷ್ಟೇ ಕಂಡಿದ್ದ ಪ್ರತ್ಯೇಕ ಶಾಸನಗಳ ಪಾಠ ಇದರಲ್ಲಿದೆ.

ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಉತ್ಖನನ ನಡೆದು ಸುಣ್ಣಕಲ್ಲಿನ ಮಹಾಸ್ತೂಪ ಹೊರಬಂತು. ರಾಣಿ, ಪರಿಚಾರಿಕೆಯರೊಡನೆ ನಿಂತ ದೊರೆಯ ಉಬ್ಬುಶಿಲ್ಪದ ಮೇಲೆ ‘ರಾಯೋ ಅಸೋಕೋ’ ಎಂಬ ಬರಹವಿದೆ. ಇಲ್ಲಿ ಒಂದು ಎಚ್ಚರಿಕೆ ಹೇಳಿಕೊಡಬೇಕು: ಈ ಶಿಲ್ಪ ಕಡೆದದ್ದು ಅಶೋಕ ತೀರಿಕೊಂಡು ಎಷ್ಟೋ ತಲೆಮಾರು ಕಳೆದ ಮೇಲೆ, ಶಾತವಾಹನರ ಕಾಲದಲ್ಲಿ. ಆದ್ದರಿಂದ ಅವನ ಮುಖ ಹೀಗೇ ಇತ್ತೆಂದು ಹೇಳಲಾಗದು. ಜನ ಅವನನ್ನು ಹೇಗೆ ನೆನೆದರು ಎಂಬುದಕ್ಕೆ ಅದು ಸಾಕ್ಷಿ.

ಎರಡನೆಯ ದಿನ: ಮಸ್ಕಿ

ಪ್ರಶ್ನೆಗೆ ಉತ್ತರ ಸಿಗುವುದು ರಾಯಚೂರು ಜಿಲ್ಲೆಯ ಈ ಬಂಡೆಯಲ್ಲಿ. ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೆ ಬ್ರಾಹ್ಮಿಯನ್ನು ಓದಿದ್ದರೂ ಶಾಸನಗಳಲ್ಲಿ ದೊರೆಯ ಬಿರುದುಗಳೇ ಕಾಣುತ್ತಿದ್ದವು. ಅವನು ಅಶೋಕನೆಂದು ವಿದ್ವಾಂಸರು ಬೌದ್ಧ ಗ್ರಂಥಗಳ ನೆರವಿನಿಂದ ಊಹಿಸಿದ್ದರು. 1915ರಲ್ಲಿ ಚಿನ್ನದ ಗಣಿಗಳ ಎಂಜಿನಿಯರ್ ಸಿ. ಬೀಡನ್ ಕಂಡ ಮಸ್ಕಿ ಶಾಸನದಲ್ಲಿ ಬಿರುದಿನ ಜೊತೆಗೆ ಹೆಸರೂ ಇತ್ತು. ಆ ಅಕ್ಷರಗಳನ್ನು ವಿದ್ಯಾರ್ಥಿಗಳೇ ಹುಡುಕಲಿ. ಅಧ್ಯಾಪಕರು ಮೊದಲೇ ಬೆರಳು ತೋರಿಸಬಾರದು.

ಮೂರನೆಯ ದಿನ: ಕೊಪ್ಪಳ

ಗವಿಮಠ, ಪಾಲ್ಕಿಗುಂಡು ಎರಡೂ ಕಡೆ ಅಶೋಕನ ಕಿರು ಶಿಲಾಶಾಸನಗಳಿವೆ. ಪಾಲ್ಕಿಗುಂಡಿನ ಬಂಡೆ ಹತ್ತುವುದು ಸುಲಭವಲ್ಲ. ಗವಿಮಠದ್ದನ್ನಷ್ಟೇ ನೋಡಿದರೂ ನಷ್ಟವಿಲ್ಲ. ಕೊಪ್ಪಳದಿಂದ ವಾಪಸಾಗಲು ಹುಬ್ಬಳ್ಳಿ ಕಡೆಗೆ ರೈಲಿದೆ.

ಮರಳಿದ ಮೇಲೆ

ವರದಿಯಲ್ಲಿ ಮೂರು ಕಾಲಂ ಇರಲಿ: ಕಣ್ಣಾರೆ ಕಂಡದ್ದು, ಪುಸ್ತಕ ಹೇಳಿದ್ದು, ನಾವು ಊಹಿಸಿದ್ದು. ಇವನ್ನು ಬೇರೆ ಬೇರೆಯಾಗಿಡಲು ಕಲಿಯುವುದೇ ಇತಿಹಾಸದ ಪಾಠ. ಶಾಸನ ಮುಟ್ಟುವುದು, ಸೀಮೆಸುಣ್ಣದಿಂದ ಅಕ್ಷರ ತಿದ್ದುವುದು ಬೇಡವೆಂದು ಮೊದಲೇ ತಿಳಿಸಿ. ಕೊನೆಗೊಂದು ಕೆಲಸ ಕೊಡಿ: ತಮ್ಮ ಊರಿನ ಗುಡಿ, ಕೆರೆ ಏರಿ, ಹೊಲದ ಬದುಗಳಲ್ಲಿ ಬರಹವಿರುವ ಕಲ್ಲು ಕಂಡರೆ ಸ್ಥಳ ಗುರುತು ಹಾಕಿಕೊಂಡು ಪುರಾತತ್ವ ಇಲಾಖೆಗೆ ತಿಳಿಸಲಿ. ಸನ್ನತಿಯ ಚಪ್ಪಡಿಯೂ ಎಲ್ಲರ ಕಣ್ಣೆದುರಿನ ಗುಡಿಯೊಳಗೇ ಇತ್ತಲ್ಲವೇ?